ಸೆರೆಮನೆಯ ಅಡುಗೆಮನೆಯನ್ನು ನೋಡುವವರಾರು?

ಊಟ, ತಿಂಡಿ, ಪಾನೀಯ, ಪ್ರವಾಸ ಇವುಗಳನ್ನು ಕುರಿತ ಬರಹಗಳಿಗೆ ಈಗ ಸುಗ್ಗಿಯ ಕಾಲ. ರಾಜಧಾನಿಯ ಪತ್ರಿಕೆಗಳ ಭಾನುವಾರದ ಪುಟ ಬಿಡಿಸಿದರೆ ಸಾಕು, ಗಾಂಧಿಬಜಾರಿನ ದೋಸೆ, ಮಲ್ಲೇಶ್ವರದ ಬೆಣ್ಣೆ ಮಸಾಲೆ, ಶಂಕರಪುರದ ಇಡ್ಲಿ ಚಟ್ನಿ, ಸಜ್ಜನರಾವ್ ವೃತ್ತದ ತಿಂಡಿಬೀದಿಯಲ್ಲಿ ಚಳಿಗಾಲಕ್ಕೆ ಬರುವ ಅವರೆಕಾಳಿನ ತಿನಿಸು, ಎಲ್ಲವೂ ಬಾಯಲ್ಲಿ ನೀರೂರಿಸುವಂತೆ ಸಾಲುಗಟ್ಟಿ ನಿಂತಿರುತ್ತವೆ. ನಂದಿಬೆಟ್ಟದ ಸುತ್ತಿನ ದ್ರಾಕ್ಷಿ ತೋಟಗಳಿಗೆ ಹೋಗಿ ವೈನಿನ ರುಚಿ ನೋಡಿ ಬಂದವರ ಲೇಖನಗಳೂ ಉಂಟು. ಇದೇ ಪಟ್ಟಿಯಲ್ಲಿ ಈಚೆಗೆ ಇನ್ನೊಂದು ಸ್ಥಳವೂ ಸೇರಿಕೊಂಡಿದೆ. ಅದು ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲು, ಇಂದಿನ ಸ್ವಾತಂತ್ರ್ಯ ಉದ್ಯಾನ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಜೈಲು, ಸಂಜೆ ದ್ರಾಕ್ಷಾರಸ: ಒಂದು ದಿನದ ವಿಹಾರಕ್ಕೆ ಇದು ಕ್ರಮ.

ಇಂಥ ಬರಹಗಳನ್ನು ಕಂಡರೆ ನಮ್ಮ ಕಾರ್ಯಕರ್ತರಲ್ಲಿ ಕೆಲವರು ಮೂಗು ಮುರಿಯುತ್ತಾರೆ. ಹಸಿದವರ ನಾಡಿನಲ್ಲಿ ನಾಲಗೆಯ ಚಪಲವನ್ನು ಕುರಿತು ಬರೆಯುವುದೇ ಪಾಪವೆಂಬುದು ಅವರ ಅಭಿಪ್ರಾಯ. ನಾವು ಈ ಮಾತನ್ನು ಒಪ್ಪುವುದಿಲ್ಲ. ಸಮಾಜವಾದವೆಂದರೆ ಎಲ್ಲರಿಗೂ ಏಕಾದಶಿ ಉಪವಾಸವಲ್ಲ. ಗದ್ದೆಯಲ್ಲಿ ದುಡಿಯುವವನಿಗೂ ಗಿರಣಿಯಲ್ಲಿ ದುಡಿಯುವವಳಿಗೂ ಹೊಟ್ಟೆ ತುಂಬುವಷ್ಟು ಮಾತ್ರವಲ್ಲ, ನಾಲಗೆಗೆ ಹಿತವಾಗುವಷ್ಟು ಊಟ ಸಿಗಬೇಕೆಂದು ಕೇಳುವುದೇ ನಮ್ಮ ಚಳವಳಿ. ಊರೂರು ಸುತ್ತಿ ಕಂಡದ್ದನ್ನು, ಉಂಡದ್ದನ್ನು ಬರೆಯುವುದು ನಮ್ಮ ಭಾಷೆಗೆ ಹೊಸದೂ ಅಲ್ಲ. ಕಾರಂತರ ‘ಅಬೂವಿನಿಂದ ಬರಾಮಕ್ಕೆ’ 1950ರಷ್ಟು ಹಿಂದೆಯೇ ಬಂದ ಪ್ರವಾಸ ಗ್ರಂಥ. ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಬಂದಿತು. ಆದ್ದರಿಂದ ರುಚಿಯ ವಿಷಯದಲ್ಲಿ ನಮ್ಮ ತಕರಾರಿಲ್ಲ. ನಮ್ಮ ಪ್ರಶ್ನೆ ಬೇರೆ. ದೋಸೆಯ ಹದವನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಈ ಜನ ಜೈಲಿನ ಗೋಪುರದ ಕೆಳಗೆ ನಿಂತಾಗ, ಇಲ್ಲಿದ್ದವರು ಏನು ಉಂಡರು, ಇವರ ಅಡುಗೆಮನೆಯನ್ನು ಯಾರು ನೋಡುತ್ತಿದ್ದರು ಎಂದು ಏಕೆ ಕೇಳುವುದಿಲ್ಲ?

ಈ ಪ್ರಶ್ನೆಗೆ ಬೆಂಗಳೂರಿನ ಹೋಟೆಲುಗಳ ಚರಿತ್ರೆಯಲ್ಲಿಯೇ ಒಂದು ಪಾಠವಿದೆ. 1924ರಲ್ಲಿ ಸಣ್ಣದಾಗಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಉಪಾಹಾರ ಗೃಹವನ್ನು ವಾಚಕರಲ್ಲಿ ಅನೇಕರು ಬಲ್ಲರು. ಅದನ್ನು ನಡೆಸಿದವರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ಕಂಡು ಬಂದರು. ಬಂದ ಮೇಲೆ ಅವರು ಮಾಡಿದ ಕೆಲಸಗಳಲ್ಲಿ ಮುಖ್ಯವಾದುದು ಶುಚಿತ್ವಕ್ಕೆ ಕೊಟ್ಟ ಗಮನ. ಗಿರಾಕಿಗಳು ಅಡುಗೆಮನೆಯೊಳಕ್ಕೆ ಹೋಗಿ ಕಣ್ಣಾರೆ ನೋಡಿ ಬಂದು ಊಟಕ್ಕೆ ಕೂರಬಹುದೆಂಬ ಪದ್ಧತಿ ಅಲ್ಲಿ ಬಂತು. ಇದು ಸಣ್ಣ ಸಂಗತಿಯೆಂದು ಎಣಿಸಬಾರದು. ಉಣ್ಣುವವನಿಗೆ ಬೇಯಿಸುವ ಸ್ಥಳವನ್ನು ನೋಡುವ ಅಧಿಕಾರವಿದ್ದರೆ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ, ಬೇಳೆಯಲ್ಲಿ ಹುಳುವಿರುವುದಿಲ್ಲ. ನೋಡುವವನ ಕಣ್ಣು ಯಾವ ಕಡೆಗೆ ತಿರುಗಿದೆ ಎಂಬುದರ ಮೇಲೆ ಒಂದು ಮನೆಯ ಧರ್ಮ ನಿಂತಿರುತ್ತದೆ.

ಈಗ ಸೆರೆಮನೆಗೆ ಬನ್ನಿ. ಅಲ್ಲಿಯೂ ನೋಡುವ ಏರ್ಪಾಡು ಉಂಟು, ಆದರೆ ಕಣ್ಣು ತಿರುಗಿರುವ ದಿಕ್ಕು ಬೇರೆ. ಇಂಗ್ಲೆಂಡಿನ ಜೆರೆಮಿ ಬೆಂಥಾಮನೆಂಬ ಪಂಡಿತ 1791ರಲ್ಲಿ ಒಂದು ಹೊಸ ಬಗೆಯ ಸೆರೆಮನೆಯ ನಕ್ಷೆಯನ್ನು ಪ್ರಕಟಿಸಿದ. ವೃತ್ತಾಕಾರದ ಕಟ್ಟಡದ ಅಂಚಿನಲ್ಲಿ ಸುತ್ತಲೂ ಕೈದಿಗಳ ಕೋಣೆಗಳು, ನಡುವೆ ಕಾವಲಿನ ಗೋಪುರ. ಗೋಪುರದಲ್ಲಿರುವವನಿಗೆ ಎಲ್ಲ ಕೈದಿಗಳೂ ಕಾಣುತ್ತಾರೆ, ಕೈದಿಗೆ ಗೋಪುರದಲ್ಲಿರುವವನು ಕಾಣುವುದಿಲ್ಲ. ಕಾವಲುಗಾರ ಅಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೋಡುತ್ತಿರಬಹುದೆಂಬ ಭಯವೇ ಕೈದಿಯನ್ನು ಅಂಕೆಯಲ್ಲಿಡುತ್ತದೆ. 1860ರ ದಶಕದಲ್ಲಿ, ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದಾಗ, ಬೆಂಗಳೂರಿನಲ್ಲಿ ಕಟ್ಟಿದ ಸೆಂಟ್ರಲ್ ಜೈಲು ಈ ನಕ್ಷೆಯ ಪಡಿಯಚ್ಚಲ್ಲ. ಆದರೆ ನಡುವಣ ಗೋಪುರ, ಅದರ ಕಣ್ಣಳತೆಯಲ್ಲಿ ಹರಡಿದ ಬ್ಯಾರಕ್ಕುಗಳು, ಇವುಗಳ ಹಿಂದಿರುವ ಬುದ್ಧಿ ಅದೇ. ಆ ಗೋಪುರ ಇಂದಿಗೂ ನಿಂತಿದೆ.

ಬೆಂಥಾಮನಿಗೆ ನ್ಯಾಯ ಸಲ್ಲಿಸಲು ಒಂದು ಮಾತು ಹೇಳಬೇಕು. ತನ್ನ ಸೆರೆಮನೆಯ ಬಾಗಿಲು ಸಾರ್ವಜನಿಕರಿಗೂ ತೆರೆದಿರಬೇಕು, ಕಾವಲುಗಾರನ ಮೇಲೆಯೂ ಲೋಕದ ಕಣ್ಣಿರಬೇಕು ಎಂದು ಅವನು ಬರೆದಿದ್ದ. ಅವನನ್ನು ಅನುಸರಿಸಿದ ಸರ್ಕಾರಗಳು ಗೋಪುರವನ್ನು ಇಟ್ಟುಕೊಂಡವು, ಬಾಗಿಲನ್ನು ಮುಚ್ಚಿದವು. ಕೈದಿಯನ್ನು ನೋಡಲು ಸಾವಿರ ಕಣ್ಣು, ಕೈದಿಯ ತಟ್ಟೆಯನ್ನು ನೋಡಲು ಒಂದೂ ಇಲ್ಲ. ಸೆರೆಮನೆಯ ವಾಸ್ತುವಿನಲ್ಲಿರುವ ಮೂಲದೋಷ ಇದೇ ಎಂದು ನಮ್ಮ ವಾದ.

ಈ ದೋಷದ ಬೆಲೆ ಏನೆಂಬುದನ್ನು ಬೆಂಗಳೂರಿನ ಜೈಲೇ ತೋರಿಸಿಕೊಟ್ಟಿತು. 1942ರ ಚಳವಳಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಎಚ್. ಎಸ್. ದೊರೆಸ್ವಾಮಿಯವರು ಹದಿನಾಲ್ಕು ತಿಂಗಳು ಸೆರೆಯಲ್ಲಿದ್ದರು. ಅದು ಪರಕೀಯರ ಕಾಲ. 1975ರಲ್ಲಿ ಸ್ವತಂತ್ರ ಭಾರತದ ಸರ್ಕಾರವೂ ಅವರನ್ನು ಜೈಲಿಗೆ ಕಳುಹಿಸಿತು. ಆ ವರ್ಷದ ಜೂನ್ 26ರಂದು, ಸಂಸತ್ತಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರನ್ನು ಹಿಡಿದು ಇದೇ ಜೈಲಿಗೆ ತಂದರು. ಪಕ್ಷ ಬೇರೆ, ತತ್ತ್ವ ಬೇರೆ, ಗೋಡೆ ಒಂದೇ. ಅದೇ ತುರ್ತು ಪರಿಸ್ಥಿತಿಯ ದಿನಗಳಲ್ಲಿ ತಿಂಡಿಯ ಬೆಲೆಯನ್ನೂ ಸರ್ಕಾರ ಕಟ್ಟಿಹಾಕಿತು. ಆ ಬೆಲೆಗೆ ಅದೇ ಗುಣದ ತಿಂಡಿ ಕೊಡಲಾರದೆ ಮಾವಳ್ಳಿಯ ಹೋಟೆಲು ಬಾಗಿಲು ಹಾಕಿ, ಸಿದ್ಧ ಹಿಟ್ಟಿನ ಪೊಟ್ಟಣಗಳ ಮಾರಾಟಕ್ಕೆ ಇಳಿಯಬೇಕಾಯಿತು. ಊರಿನ ರುಚಿಯೂ ಊರಿನ ಸ್ವಾತಂತ್ರ್ಯವೂ ಒಟ್ಟಿಗೇ ಬೀಗಮುದ್ರೆಗೆ ಒಳಗಾದ ಕಾಲ ಅದು.

ಆದರೆ ಪ್ರಸಿದ್ಧ ಪುರುಷ ಕೈದಿಗಳ ಕತೆಗಿಂತ ಸ್ನೇಹಲತಾ ರೆಡ್ಡಿಯವರ ಕತೆ ಹೆಚ್ಚು ಕಠೋರವಾದುದು. ‘ಸಂಸ್ಕಾರ’ ಚಲನಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಕಲಾವಿದೆ, ಲೋಹಿಯಾರವರನ್ನು ಹತ್ತಿರದಿಂದ ಬಲ್ಲ ಸಮಾಜವಾದಿ. 1976ರ ಮೇ 2ರಂದು ಅವರನ್ನು ಬಂಧಿಸಿದರು. ಬರೋಡ ಡೈನಮೈಟ್ ಮೊಕದ್ದಮೆಯ ನೆಪ ಮುಂದೆ ಬಂತು, ಆದರೆ ಕೊನೆಯ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ಬಿಡಲಿಲ್ಲ. ತೀವ್ರವಾದ ಉಬ್ಬಸದ ಕಾಯಿಲೆಯಿದ್ದ ಅವರನ್ನು ಒಂಟಿ ಕೋಣೆಯಲ್ಲಿಟ್ಟರು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ತಮಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. ಜನವರಿ 20ರಂದು ಅವರು ತೀರಿಕೊಂಡರು. ಉಬ್ಬಸದವರಿಗೆ ಗಾಳಿಯೇ ಔಷಧ. ಗಾಳಿ ಆಡದಂತೆ ಕೋಣೆ ಕಟ್ಟಿದವನು ಯಾವ ಕಾನೂನನ್ನೂ ಮುರಿಯಲಿಲ್ಲ, ಕೊಟ್ಟ ನಕ್ಷೆಯಂತೆ ಇಟ್ಟಿಗೆ ಇಟ್ಟ. ಅಷ್ಟೇ! ಸೆರೆಮನೆಯ ನಕ್ಷೆ ಎಂಬುದು ಬರಿಯ ಎಂಜಿನಿಯರರ ವಿಷಯವಲ್ಲ, ನೀತಿಯ ವಿಷಯ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಊಟದ ಮಾತು. ಜೈಲಿಗೆ ಹೋಗುವುದನ್ನು ನಮ್ಮ ಜನ ‘ಮುದ್ದೆ ಮುರಿಯುವುದು’ ಎಂದೇ ಹೇಳುತ್ತಾರೆ. ಸೆರೆಯೆಂದರೆ ಮೊದಲು ಊಟವೇ ನೆನಪಿಗೆ ಬರುವುದೆಂದು ಆಡುಮಾತಿಗೆ ಗೊತ್ತು. 1984ರಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿಯೊಬ್ಬ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಿಗೆ ಒಂದು ಪತ್ರ ಬರೆದ. ತಿನ್ನಲಾಗದ ಊಟ, ಹಿಂಸೆ, ದುಡಿಮೆಗೆ ಸಿಗದ ಕೂಲಿ, ಇವು ಅವನ ದೂರುಗಳು. ಕೋರ್ಟು ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿತು, ಜಿಲ್ಲಾ ನ್ಯಾಯಾಧೀಶರಿಂದ ತನಿಖೆ ಮಾಡಿಸಿತು. 1996ರ ಡಿಸೆಂಬರಿನಲ್ಲಿ ತೀರ್ಪು ಬಂತು. ದೇಶದ ಸೆರೆಮನೆಗಳನ್ನು ಕಾಡುವ ಒಂಬತ್ತು ಸಮಸ್ಯೆಗಳನ್ನು ನ್ಯಾಯಾಲಯ ಅದರಲ್ಲಿ ಎಣಿಸಿತು. ಮಿತಿಮೀರಿದ ಕೈದಿಗಳ ಸಂಖ್ಯೆ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಅಲಕ್ಷ್ಯ, ಇವುಗಳ ಜೊತೆಗೆ ಸಾಲದ ಊಟ, ಸಾಲದ ಬಟ್ಟೆಯೂ ಸೇರಿತ್ತು. ಒಬ್ಬ ಕೈದಿಯ ತಟ್ಟೆಯಿಂದ ಹೊರಟ ದೂರು ಇಡೀ ದೇಶದ ಜೈಲುಗಳಿಗೆ ಕನ್ನಡಿ ಹಿಡಿಯಿತು. ಪತ್ರಕ್ಕೂ ತೀರ್ಪಿಗೂ ನಡುವೆ ಹನ್ನೆರಡು ವರ್ಷ ಕಳೆದದ್ದನ್ನೂ ವಾಚಕರು ಗಮನಿಸಬೇಕು.

ಆ ಜೈಲು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಹೋಯಿತು. ಹಳೆಯ ಆವರಣ 2008ರಲ್ಲಿ ಉದ್ಯಾನವಾಯಿತು. ಗೋಡೆ ಬದಲಾಯಿತು, ತಟ್ಟೆಯ ಸಮಸ್ಯೆ ಉಳಿಯಿತು. 2017ರ ಜುಲೈನಲ್ಲಿ ಆಗಿನ ಬಂದೀಖಾನೆ ಡಿ.ಐ.ಜಿ. ರೂಪಾ ಅವರು, ಪರಪ್ಪನ ಅಗ್ರಹಾರದಲ್ಲಿ ಶಶಿಕಲಾ ಅವರಿಗಾಗಿ ಪ್ರತ್ಯೇಕ ಅಡುಗೆಮನೆ ನಡೆಯುತ್ತಿದೆಯೆಂದು ಆರೋಪಿಸಿ ಮೇಲಧಿಕಾರಿಗಳಿಗೆ ವರದಿ ಬರೆದರು. ಕೆಲವೇ ದಿನಗಳಲ್ಲಿ ವರದಿ ಬರೆದವರ ವರ್ಗಾವಣೆಯಾಯಿತು. 2024ರ ಆಗಸ್ಟಿನಲ್ಲಿ ಕೊಲೆಯ ಆರೋಪದ ಮೇಲೆ ಅಲ್ಲಿದ್ದ ಚಿತ್ರನಟನೊಬ್ಬ ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಸಿಕೊಂಡು, ಕೈಯಲ್ಲಿ ಕಪ್ಪು, ಇನ್ನೊಂದು ಕೈಯಲ್ಲಿ ಸಿಗರೇಟು ಹಿಡಿದು ಕುಳಿತ ಭಾವಚಿತ್ರ ಹೊರಗೆ ಬಂತು. ಅಧಿಕಾರಿಗಳು ಅಮಾನತಾದರು, ನಟನನ್ನು ಬಳ್ಳಾರಿಗೆ ಸಾಗಿಸಿದರು. ಎಲ್ಲವನ್ನೂ ನೋಡುವುದಕ್ಕೆಂದೇ ಕಟ್ಟಿದ ಸೆರೆಮನೆಗೆ ಇದೊಂದು ಮಾತ್ರ ಕಾಣಲಿಲ್ಲವೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ದುಡ್ಡಿದ್ದವನಿಗೆ ಒಂದು ಅಡುಗೆ, ಇಲ್ಲದವನಿಗೆ ಇನ್ನೊಂದು ಎಂಬ ಭೇದ ಇಂದಿನದಲ್ಲ. 1894ರ ಕಾಯಿದೆಯೇ ವಿಚಾರಣೆಗೆ ಕಾದಿರುವ ಕೈದಿ ಹೊರಗಿನಿಂದ ಊಟ ತರಿಸಿಕೊಳ್ಳಬಹುದೆಂದಿತ್ತು. ತರಿಸಿಕೊಳ್ಳಲು ಮನೆ ಬೇಕು, ಮನೆಯಲ್ಲಿ ಅಕ್ಕಿ ಬೇಕು, ತರಲು ಆಳು ಬೇಕು. 1929ರಲ್ಲಿ ಲಾಹೋರ್ ಜೈಲಿನಲ್ಲಿ ಜತೀನ್ ದಾಸರು 63 ದಿನ ಉಪವಾಸವಿದ್ದು ಪ್ರಾಣ ಬಿಟ್ಟರು. ಭಾರತೀಯ ರಾಜಕೀಯ ಕೈದಿಗೂ ಯೂರೋಪಿಯನ್ ಕೈದಿಗೂ ಊಟ ಉಪಚಾರದಲ್ಲಿ ಇದ್ದ ಭೇದ ಹೋಗಬೇಕೆಂಬುದು ಆ ಹೋರಾಟದ ಬೇಡಿಕೆಗಳಲ್ಲೊಂದು. ಬ್ರಿಟಿಷರು ಕೊಟ್ಟ ಉತ್ತರವೇನು? ಕೈದಿಗಳನ್ನು ಎ, ಬಿ, ಸಿ ಎಂದು ತರಗತಿ ಮಾಡಿದರು. ಓದು, ಅಂತಸ್ತು, ಹೊರಗೆ ಬದುಕಿದ ರೀತಿ ನೋಡಿ ತಟ್ಟೆ ಹಂಚಿದರು. ಬಣ್ಣದ ಭೇದ ಹೋಗಲೆಂದು ಕೇಳಿದ್ದಕ್ಕೆ ವರ್ಗಭೇದವನ್ನು ದಾನ ಕೊಟ್ಟರು.

ವರ್ಗದ ಹಿಂದೆಯೇ ಜಾತಿ ಬಂತು. ಒಂದು ಕಾಲಕ್ಕೆ ಹಳೆಯ ಮೈಸೂರಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆಂದು ಬೇರೆ ಕೋಣೆಯಿರುತ್ತಿತ್ತು, ಹರಿಜನರಿಗೆ ಬಾಗಿಲೇ ಇರಲಿಲ್ಲ. 1950ರ ಸಂವಿಧಾನದ 15ನೆಯ ವಿಧಿ ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದನ್ನು ಅಡ್ಡಗಟ್ಟುವವನನ್ನು ಅಪರಾಧಿಯೆಂದಿತು. ಸೆರೆಮನೆಯ ಕತೆಯೇನು? ಮೇಲ್ಜಾತಿಯವನಿಗೆ ಅಡುಗೆ, ಕೆಳಜಾತಿಯವನಿಗೆ ಕಕ್ಕಸು ಗುಡಿಸುವ ಕೆಲಸ ಎಂಬ ನಿಯಮಗಳು ಅನೇಕ ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಚ್ಚಾಗಿ ಉಳಿದುಕೊಂಡಿದ್ದುವು. ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅವುಗಳನ್ನು ಸಂವಿಧಾನ ಬಾಹಿರವೆಂದು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಹೋಟೆಲಿನ ಊಟದ ಕೋಣೆಗೆ ತಲುಪಿದ ನ್ಯಾಯ ಜೈಲಿನ ಅಡುಗೆಮನೆಗೆ ತಲುಪಲು ಎಪ್ಪತ್ತು ವರ್ಷಗಳಷ್ಟು ಹಿಡಿಯಿತು. ಕಾರಣ ಸ್ಪಷ್ಟ. ಹೋಟೆಲಿನೊಳಗೆ ಜನ ಹೋಗುತ್ತಿದ್ದರು, ನೋಡುತ್ತಿದ್ದರು, ಜಗಳವಾಡುತ್ತಿದ್ದರು. ಜೈಲಿನ ಅಡುಗೆಮನೆಯನ್ನು ನೋಡುವವರೇ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಹೊರಗೆ ನ್ಯಾಯವಾಗಿ ದುಡಿಯುವ ಕೂಲಿಗೇ ಹೊಟ್ಟೆ ತುಂಬುವುದು ಕಷ್ಟ, ಕಳ್ಳನಿಗೂ ಕೊಲೆಗಾರನಿಗೂ ಏಕೆ ಒಳ್ಳೆಯ ಊಟ, ಗಾಳಿ ಬೆಳಕಿನ ಕೋಣೆ ಎಂದು ಕೇಳುವವರಿದ್ದಾರೆ. ಕೇಳುವವರು ಬಡವರೇ ಆದ್ದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಉತ್ತರ ಮೂರು. ಮೊದಲನೆಯದು: ಸೆರೆಯಲ್ಲಿರುವವರೆಲ್ಲ ಅಪರಾಧಿಗಳೇ ಅಲ್ಲ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣೆಗೆ ಕಾದಿದ್ದವರು ಎಂದು ಸರ್ಕಾರದ ಅಪರಾಧ ದಾಖಲೆ ಸಂಸ್ಥೆಯೇ ಹೇಳುತ್ತದೆ. ಅಂದರೆ ನೂರಕ್ಕೆ ಎಪ್ಪತ್ತೈದಕ್ಕೂ ಮೇಲೆ. ನೂರು ಜನರ ಜಾಗದಲ್ಲಿ 131 ಜನರನ್ನು ತುಂಬಿದ್ದರು. ಇವರಲ್ಲಿ ಜಾಮೀನಿಗೆ ಹಣವಿಲ್ಲದೆ ಉಳಿದವರು ಯಾರು? ಆಕ್ಷೇಪಣೆ ಮಾಡುವ ಕೂಲಿಯ ಅಣ್ಣತಮ್ಮಂದಿರೇ ಅಲ್ಲವೆ? ಎರಡನೆಯದು: ನ್ಯಾಯಾಧೀಶ ಕೊಡುವ ಶಿಕ್ಷೆ ಸ್ವಾತಂತ್ರ್ಯದ ಹರಣ ಮಾತ್ರ. ಇಷ್ಟು ವರ್ಷ ಸೆರೆ ಎಂದು ತೀರ್ಪಿನಲ್ಲಿ ಬರೆಯುತ್ತಾರೆಯೇ ಹೊರತು ಇಷ್ಟು ವರ್ಷ ಹಳಸಿದ ಸಾರು ಎಂದು ಯಾರೂ ಬರೆಯುವುದಿಲ್ಲ. ಬರೆಯದ ಶಿಕ್ಷೆಯನ್ನು ಅಡುಗೆಮನೆಯ ಗುತ್ತಿಗೆದಾರನಾಗಲಿ, ಕಟ್ಟಡದ ಗುತ್ತಿಗೆದಾರನಾಗಲಿ ವಿಧಿಸಕೂಡದು. ಮೂರನೆಯದು: ಕೂಲಿಯ ತಟ್ಟೆ ಖಾಲಿಯಾಗಿದೆಯೆಂದು ಕೈದಿಯ ತಟ್ಟೆಯನ್ನೂ ಖಾಲಿ ಮಾಡಿದರೆ ಕೂಲಿಗೆ ಒಂದು ಅಗುಳೂ ಹೆಚ್ಚಾಗಿ ಸಿಗುವುದಿಲ್ಲ. ಎರಡು ತಟ್ಟೆಗಳಿಂದಲೂ ಕದಿಯುವವನು ಒಬ್ಬನೇ.

ಹೊರದೇಶಗಳಲ್ಲಿ ಈ ವಿಷಯ ಎಲ್ಲಿಗೆ ಬಂದಿದೆ ನೋಡಿ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳು, ಊಟವನ್ನೂ ಕುಡಿಯುವ ನೀರನ್ನೂ ಕಡಿಮೆ ಮಾಡುವುದನ್ನು ಶಿಕ್ಷೆಯಾಗಿ ಬಳಸಬಾರದೆಂದೂ, ಹದಿನೈದು ದಿನಕ್ಕೆ ಮೀರಿದ ಒಂಟಿ ಸೆರೆ ಕೂಡದೆಂದೂ ಹೇಳುತ್ತವೆ. ನಾರ್ವೆ ದೇಶದ ಹಾಲ್ಡೆನ್ ಎಂಬಲ್ಲಿ 2010ರಲ್ಲಿ ತೆರೆದ ಸೆರೆಮನೆಯಲ್ಲಿ ಕೈದಿಗಳು ಗುಂಪಿಗೊಂದರಂತೆ ಇರುವ ಅಡುಗೆಮನೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಾರೆ. ನಾಳೆ ಹೊರಗೆ ಬಂದು ನೆರೆಯವರಾಗಿ ಬಾಳಬೇಕಾದವರಿಗೆ ಒಲೆ ಹಚ್ಚುವುದನ್ನು ಮರೆಸಬಾರದೆಂಬುದು ಅದರ ಅರ್ಥ. ಅಮೆರಿಕೆಯ ವಾಸ್ತುಶಿಲ್ಪಿಗಳ ಸಂಸ್ಥೆ ವರ್ಷಗಟ್ಟಲೆ ನಡೆದ ವಾದದ ಬಳಿಕ 2020ರ ಡಿಸೆಂಬರಿನಲ್ಲಿ, ಮರಣದಂಡನೆಯ ಕೋಣೆಯನ್ನಾಗಲಿ ದೀರ್ಘಕಾಲದ ಒಂಟಿ ಸೆರೆಯ ಕೋಣೆಯನ್ನಾಗಲಿ ತನ್ನ ಸದಸ್ಯರು ರಚಿಸಬಾರದೆಂದು ನಿಯಮ ಮಾಡಿತು. ವೈದ್ಯ ವಿಷ ಬೆರೆಸಲಾರೆ ಎನ್ನುವಂತೆ, ಶಿಲ್ಪಿ ಇಂಥ ಗೋಡೆ ಕಟ್ಟಲಾರೆ ಎನ್ನಬಹುದೆಂಬ ಮಾತು ಈಗ ಲೋಕದಲ್ಲಿ ಆಡಿಯಾಗಿದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಮಾತನ್ನು ಯಾರಾದರೂ ಕಲಿಸಬೇಕು.

ಪ್ರವಾಸಿಗಳಿಗೆ ಜೈಲನ್ನು ತೋರಿಸುವ ವ್ಯಾಪಾರವೂ ಬೆಳೆಯುತ್ತಿದೆ. ತೆಲಂಗಾಣದ ಸಂಗಾರೆಡ್ಡಿಯ ಹಳೆಯ ಜೈಲಿನಲ್ಲಿ 500 ರೂಪಾಯಿ ಕೊಟ್ಟು ಒಂದು ದಿನ ಕೈದಿಯಂತೆ ಇರುವ ಯೋಜನೆ 2016ರಲ್ಲಿ ಆರಂಭವಾಯಿತು. ನೋಡುವುದು ತಪ್ಪಲ್ಲ. ಆದರೆ ಬೀಗದ ಕೈ ತನ್ನ ಕಿಸೆಯಲ್ಲಿಯೇ ಇರುವ ಸೆರೆ ಸೆರೆಯಲ್ಲ, ಮರುದಿನ ಬೆಳಿಗ್ಗೆ ಬಿಡುಗಡೆಯೆಂದು ತಿಳಿದು ಉಣ್ಣುವ ಮುದ್ದೆ ಜೈಲಿನ ಮುದ್ದೆಯಲ್ಲ. ನೋಡಬೇಕಾದುದು ಖಾಲಿಯಾದ ಜೈಲನ್ನಲ್ಲ, ತುಂಬಿದ ಜೈಲನ್ನು. ಸ್ವಾತಂತ್ರ್ಯ ಉದ್ಯಾನದ ಇನ್ನೊಂದು ವ್ಯಂಗ್ಯವನ್ನೂ ಹೇಳದೆ ಬಿಡಲಾಗದು. 2021ರ ಪೋಲೀಸ್ ಆದೇಶದ ಬಳಿಕ ಬೆಂಗಳೂರಿನಲ್ಲಿ ಧರಣಿ, ಪ್ರತಿಭಟನೆಗೆ ಇದೊಂದೇ ಸ್ಥಳವೆಂದಾಗಿದೆ. ಕೈದಿಗಳನ್ನು ಕಾಯುತ್ತಿದ್ದ ಗೋಪುರದ ಕೆಳಗೆ ಇಂದು ಅಂಗನವಾಡಿ ಕಾರ್ಯಕರ್ತೆಯರೂ ರೈತರೂ ಘೋಷಣೆ ಕೂಗುತ್ತಾರೆ. ಜೈಲು ಉದ್ಯಾನವಾದದ್ದು ಸಂತೋಷ. ಊರಿನ ಪ್ರತಿಭಟನೆಯೆಲ್ಲ ಜೈಲಿನ ಆವರಣಕ್ಕೆ ಹೋಗಬೇಕಾದದ್ದು ಸಂತೋಷವಲ್ಲ.

ಆದುದರಿಂದ ಸರ್ಕಾರದ ಮುಂದೆಯೂ ಜನತೆಯ ಮುಂದೆಯೂ ನಮ್ಮ ಒತ್ತಾಯಗಳನ್ನು ಇಡುತ್ತೇವೆ.

ಒಂದು: ಪ್ರತಿ ಜೈಲಿನ ಸಂದರ್ಶಕ ಮಂಡಳಿಯೂ ಮುನ್ಸೂಚನೆಯಿಲ್ಲದೆ ಅಡುಗೆಮನೆಯನ್ನು ತಪಾಸಣೆ ಮಾಡಬೇಕು. ಮಂಡಳಿಯಲ್ಲಿ ಕಾರ್ಮಿಕರೂ ಮಹಿಳೆಯರೂ ಸೆರೆಯಿಂದ ಬಿಡುಗಡೆಯಾದವರೂ ಇರಬೇಕು. ಅದರ ವರದಿ ಬಹಿರಂಗವಾಗಬೇಕು.

ಎರಡು: ವೈದ್ಯರ ಸಲಹೆಯ ಹೊರತು ಎಲ್ಲ ಕೈದಿಗಳಿಗೂ ಒಂದೇ ಒಲೆ, ಒಂದೇ ಅಳತೆ. ದಿನದ ಪಡಿಯ ತೂಕವನ್ನು ಕೈದಿಗಳಿಗೆ ಕಾಣುವಂತೆ ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಬೇಕು.

ಮೂರು: ಹೊಸ ಜೈಲಿನ ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ವೈದ್ಯರ, ಮನೋವೈದ್ಯರ, ಮಾಜಿ ಕೈದಿಗಳ ಅಭಿಪ್ರಾಯ ಪಡೆಯಬೇಕು. ಗಾಳಿ ಬೆಳಕಿಲ್ಲದ ಒಂಟಿ ಕೋಣೆಯಿರುವ ಯಾವ ನಕ್ಷೆಗೂ ಮಂಜೂರಾತಿ ಕೊಡಕೂಡದು.

ನಾಲ್ಕು: ಮೊದಲ ಬಾರಿಯ ಆಪಾದಿತರು, ಮರಣದಂಡನೆ ಅಥವಾ ಜೀವಾವಧಿಯ ಆರೋಪವಿಲ್ಲದಿದ್ದರೆ, ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಕಳೆದ ಮೇಲೆ ಬಾಂಡಿನ ಮೇಲೆ ಹೊರಬರಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಲ್ಲಿ ಅವಕಾಶವಿದೆ. ಹೀಗೆ ಅರ್ಹರಾದವರ ಪಟ್ಟಿಯನ್ನು ಪ್ರತಿ ಜೈಲೂ ತಿಂಗಳಿಗೊಮ್ಮೆ ಪ್ರಕಟಿಸಬೇಕು.

ಐದು: ಸ್ವಾತಂತ್ರ್ಯ ಉದ್ಯಾನಕ್ಕೆ ಬರುವ ಪ್ರತಿಯೊಬ್ಬನಿಗೂ ತಿಳಿಯುವಂತೆ ಸ್ನೇಹಲತಾ ರೆಡ್ಡಿಯವರ ಕತೆಯನ್ನೂ 1984ರ ಪತ್ರದ ಕತೆಯನ್ನೂ ಅಲ್ಲಿ ದೊಡ್ಡಕ್ಷರಗಳಲ್ಲಿ ಬರೆಯಿಸಬೇಕು.

ಇದು ಬೆಂಗಳೂರಿನ ವಿಷಯ, ನಮಗೇನು ಎಂದು ನಮ್ಮ ಜಿಲ್ಲೆಯ ವಾಚಕರು ಸುಮ್ಮನಿರಬಾರದು. ಜಿಲ್ಲಾ ಕಾರಾಗೃಹದ ಗೋಡೆಯನ್ನು ಸಂತೆಗೆ ಹೋಗುವಾಗ ಬರುವಾಗ ನಾವೆಲ್ಲ ನೋಡುತ್ತೇವೆ. ಅದರೊಳಗೆ ಇಂದು ಬೆಳಿಗ್ಗೆ ಏನು ಬೇಯಿಸಿದರು ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಮುಂದಿನ ತಿಂಗಳು ಪ್ರತಿ ತಾಲೂಕಿನ ಸಂಗಾತಿಗಳೂ ಸಂದರ್ಶಕ ಮಂಡಳಿಯ ಸದಸ್ಯರು ಯಾರು, ಅವರು ಕೊನೆಯ ಸಲ ಒಳಗೆ ಹೋದದ್ದು ಯಾವಾಗ, ಏನು ಬರೆದರು ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಬೇಕು. ಬಂದ ಉತ್ತರವನ್ನು ನಮಗೆ ಕಳುಹಿಸಿದರೆ ಈ ಪುಟಗಳಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.

ದೋಸೆ ತಿನ್ನಿ, ಊರು ಸುತ್ತಿ, ಕಂಡದ್ದನ್ನು ಚೆನ್ನಾಗಿ ಬರೆಯಿರಿ. ಉಣ್ಣುವವನಿಗೆ ಅಡುಗೆಮನೆಯನ್ನು ನೋಡುವ ಹಕ್ಕಿದೆಯೆಂದು ಬೆಂಗಳೂರಿನ ಒಂದು ಹೋಟೆಲು ಎಪ್ಪತ್ತು ವರ್ಷಗಳ ಹಿಂದೆಯೇ ಒಪ್ಪಿಕೊಂಡಿತು. ಆ ಹಕ್ಕು ಬೀಗದ ಹಿಂದೆ ಉಣ್ಣುವವನಿಗೂ ಸಲ್ಲಬೇಕು. ಅವನು ಹೋಗಿ ನೋಡಲಾರ. ಅವನ ಪರವಾಗಿ ನಾವು ಹೋಗಿ ನೋಡಬೇಕು.